ಎರಡು ಉಳಿದರೆ ಸಾಕು

ಮುಂಗಾರಿನ ನೀರು ಕೆರೆಯಲ್ಲಿ ಒಂದಿಷ್ಟು ನಿಂತ ಮೇಲೆ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಕೆರೆ ಏರಿಗಳ ಮೇಲೆ ಮೀನುಮರಿ ಹೊತ್ತ ಗಾಡಿಗಳು ಬಂದು ನಿಲ್ಲುತ್ತವೆ. ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ ತುಂಬಿ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲಗಳು. ಒಳಗೆ ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿಗಳು. ಚೀಲ ತಂದ ಕೂಡಲೇ ಬಿಚ್ಚಿ ಸುರಿಯುವುದಿಲ್ಲ. ಕಟ್ಟಿದ್ದ ಹಾಗೇ ಕೆರೆಯಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿ ಓರೆ ಮಾಡುತ್ತಾರೆ. ಮರಿಗಳು ತಾವಾಗಿಯೇ ಈಜಿ ಹೊರಗೆ ಹೋಗಬೇಕು. ಕೆರೆ ಗುತ್ತಿಗೆ ಹಿಡಿದವರು ಆಗ ಕೇಳುವ ಪ್ರಶ್ನೆ ಒಂದೇ: ‘ಇದರಲ್ಲಿ ಎಷ್ಟು ಉಳೀತವೆ?’

ಜೀವವಿಜ್ಞಾನದ ಒಂದು ದೊಡ್ಡ ಪ್ರಶ್ನೆಯನ್ನೇ ಅವರು ಕೇಳುತ್ತಿರುತ್ತಾರೆ. ಅದೇ ಕೆರೆಯಲ್ಲಿ ಯಾರೂ ಬಿಡದ ಜಿಲೇಬಿ ಮೀನು ವರ್ಷ ವರ್ಷವೂ ತುಂಬಿಕೊಳ್ಳುತ್ತದೆ. ಕಾಟ್ಲವನ್ನು ಮಾತ್ರ ಪ್ರತಿ ಸಲವೂ ದುಡ್ಡು ಕೊಟ್ಟು ತಂದು ಬಿಡಬೇಕು. ಇನ್ನು ಎಚ್.ಡಿ. ಕೋಟೆಯ ಕಬಿನಿಯಲ್ಲಿ ಒಂದು ಕಾಲಕ್ಕೆ ಆಳೆತ್ತರ ಬೆಳೆಯುತ್ತಿದ್ದ ಬಿಳಿಮೀನು, ಅಂದರೆ ಮಶೀರ್, ಈಗ ಹೆಸರಿಗಷ್ಟೇ ಉಳಿದಿದೆ. ಈ ಮೂರರಲ್ಲಿ ಅತಿ ಹೆಚ್ಚು ಮೊಟ್ಟೆ ಇಡುವುದು ಕಾಟ್ಲ–ರೋಹುಗಳ ಬಳಗ. ಜಿಲೇಬಿಯದು ಎಲ್ಲಕ್ಕಿಂತ ಕಡಿಮೆ. ಮೊಟ್ಟೆಯ ಸಂಖ್ಯೆಯೇ ಗೆಲುವನ್ನು ತೀರ್ಮಾನಿಸುವುದಾಗಿದ್ದರೆ ಕತೆ ತಿರುಗುಮುರುಗಾಗಬೇಕಿತ್ತು.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ರೋಹು ತನ್ನ ತೂಕದ ಕಿಲೋ ಒಂದಕ್ಕೆ ಎರಡರಿಂದ ನಾಲ್ಕು ಲಕ್ಷದಷ್ಟು ಮೊಟ್ಟೆ ಕಟ್ಟುತ್ತದೆ. ಮೂರು ಕಿಲೋದ ಒಂದು ಹೆಣ್ಣು, ಕಿಲೋಗೆ ಎರಡೂವರೆ ಲಕ್ಷವೆಂದೇ ಹಿಡಿಯಿರಿ, ಒಂದು ಮಳೆಗಾಲಕ್ಕೆ ಏಳೂವರೆ ಲಕ್ಷ ಮೊಟ್ಟೆ ಇಟ್ಟಿತು. ನಾಲ್ಕು ಮಳೆಗಾಲ ಬದುಕಿದರೆ ಮೂವತ್ತು ಲಕ್ಷ. ನದಿಯಲ್ಲಿ ರೋಹುಗಳ ಸಂಖ್ಯೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇದ್ದಷ್ಟೇ ಇರಬೇಕಾದರೆ ಆ ಮೂವತ್ತು ಲಕ್ಷದಲ್ಲಿ ಎಷ್ಟು ಉಳಿದು ದೊಡ್ಡವಾಗಿ ಮತ್ತೆ ಮೊಟ್ಟೆ ಇಡಬೇಕು? ಎರಡು. ತಾಯಿಯ ಜಾಗಕ್ಕೊಂದು, ತಂದೆಯ ಜಾಗಕ್ಕೊಂದು. ಮೂರು ಉಳಿದರೆ ಕೆಲವೇ ತಲೆಮಾರುಗಳಲ್ಲಿ ಹೊಳೆಯಲ್ಲಿ ನೀರಿಗಿಂತ ಮೀನೇ ಹೆಚ್ಚಾಗುತ್ತದೆ. ಒಂದೇ ಉಳಿದರೆ ವಂಶ ಕರಗುತ್ತದೆ. ಸಲಕ್ಕೆ ಮುನ್ನೂರು ಮೊಟ್ಟೆ ಇಡುವ ಜಿಲೇಬಿಗೂ ಇದೇ ಲೆಕ್ಕ, ನಾಲ್ಕೈದು ಮರಿ ಹಾಕುವ ಆನೆಗೂ ಇದೇ ಲೆಕ್ಕ.

ಹಾಗಾದರೆ ಹದಿನೈದು ಲಕ್ಷಕ್ಕೆ ಒಂದರಂತೆ ಉಳಿಯುವ ದಾರಿಯನ್ನು ಒಂದು ಮೀನು, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಉಳಿಯುವ ದಾರಿಯನ್ನು ಇನ್ನೊಂದು ಮೀನು ಹಿಡಿದದ್ದೇಕೆ? ಸಾವು ಯಾವ ವಯಸ್ಸಿನಲ್ಲಿ ಬಂದು ಎದುರು ನಿಲ್ಲುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಮೊಟ್ಟೆಯಲ್ಲೇ ಬರುವ ಸಾವಿಗೆ ಒಂದು ಉಪಾಯ, ಮರಿಯಾಗಿದ್ದಾಗ ಬರುವ ಸಾವಿಗೆ ಇನ್ನೊಂದು, ದೊಡ್ಡದಾದ ಮೇಲೆ ಬರುವ ಸಾವಿಗೆ ಮತ್ತೊಂದು. ಲಕ್ಷಾಂತರ ವರ್ಷಗಳಲ್ಲಿ ಒಂದೊಂದು ಮೀನೂ ತನ್ನ ಪಾಲಿನ ಸಾವಿನ ವೇಳೆಗೆ ಸರಿಯಾಗಿ ತನ್ನ ಸಂತಾನದ ಪದ್ಧತಿಯನ್ನು ಹೊಂದಿಸಿಕೊಂಡಿತು. ನಾವು ಬಂದು ಒಂದೇ ನೂರು ವರ್ಷದಲ್ಲಿ ಆ ವೇಳಾಪಟ್ಟಿಯನ್ನು ಕಲಸಿಹಾಕಿದೆವು.

ಕಾಟ್ಲ, ರೋಹು, ಮೃಗಾಲ್ ಕಾವೇರಿಯ ಮೂಲನಿವಾಸಿಗಳಲ್ಲ. ಇವು ಗಂಗೆ–ಬ್ರಹ್ಮಪುತ್ರಗಳ ಕಡೆಯ ಮೀನುಗಳು. ಮನುಷ್ಯರೇ ಇಲ್ಲಿಗೆ ತಂದದ್ದು. ಅವುಗಳ ತವರು ನದಿಗಳಲ್ಲಿ ಮಳೆಗಾಲದ ಪ್ರವಾಹ ದಡ ಮೀರಿ ಮೈಲಿಗಟ್ಟಲೆ ಬಯಲನ್ನು ಮುಳುಗಿಸುತ್ತದೆ. ಹೊಸ ನೀರು ನಿಂತ ಬಯಲಲ್ಲಿ ಕೆಲವೇ ದಿನಗಳಲ್ಲಿ ಸೂಕ್ಷ್ಮಜೀವಿಗಳ ಸುಗ್ಗಿ. ಆ ಸುಗ್ಗಿಯ ಹೊತ್ತಿಗೆ ಸರಿಯಾಗಿ ಮರಿ ಅಲ್ಲಿದ್ದರೆ ಲಕ್ಷ ಲಕ್ಷ ಉಳಿಯುತ್ತವೆ. ಒಂದು ವಾರ ಹಿಂದುಮುಂದಾದರೆ ಒಂದೂ ಇಲ್ಲ. ಹೀಗಿರುವಾಗ ತಾಯಿ ಪಕ್ಕದಲ್ಲಿ ನಿಂತು ಕಾದು ಪ್ರಯೋಜನವಿಲ್ಲ, ಏಕೆಂದರೆ ಮರಿಯನ್ನು ಕೊಲ್ಲುವುದು ಹೆಚ್ಚಾಗಿ ಬೇರೆ ಮೀನಲ್ಲ, ಬರದೇ ಹೋದ ಪ್ರವಾಹ. ಅದಕ್ಕೆ ಉಪಾಯ: ದೊಡ್ಡದಾಗಿ ಬೆಳೆದು, ಹಲವು ವರ್ಷ ಬದುಕಿ, ಪ್ರತಿ ಮಳೆಗಾಲವೂ ಲಕ್ಷಗಟ್ಟಲೆ ಸಣ್ಣ ಸಣ್ಣ ಮೊಟ್ಟೆ ಚೆಲ್ಲುವುದು. ಐದರಲ್ಲಿ ಒಂದು ವರ್ಷ ಕೈ ಹಿಡಿದರೂ ಸಾಕು.

ಸಾಯುವ ಹೊತ್ತು ಎಷ್ಟು ಕಿರಿದು ಎಂಬುದನ್ನು ನಾರ್ವೆಯ ಯೋಹಾನ್ ಯೋರ್ಟ್ 1914ರಷ್ಟು ಹಿಂದೆಯೇ ಗುರುತಿಸಿದ್ದ. ಅವನು ನೋಡಿದ್ದು ಕಡಲ ಮೀನುಗಳನ್ನು, ಆದರೆ ಮಾತು ಕೆರೆಗೂ ಹೊಂದುತ್ತದೆ. ಮೊಟ್ಟೆಯೊಡೆದ ಮರಿಯ ಹೊಟ್ಟೆಗೆ ಹಳದಿ ಭಂಡಾರದ ಒಂದು ಚೀಲ ಅಂಟಿರುತ್ತದೆ. ಅದು ತೀರುವ ಗಳಿಗೆಯೇ ಗಂಡಾಂತರ. ರೋಹುವಿನಲ್ಲಿ ಈ ಬುತ್ತಿ ಮೂರು ದಿನ ಬರುತ್ತದೆ. ಅಷ್ಟರಲ್ಲಿ ಬಾಯಿ ತೆರೆಯಬೇಕು, ಆ ಬಾಯಿಗೆ ಹಿಡಿಸುವಷ್ಟು ಚಿಕ್ಕ ಜೀವಿ ಎದುರಿಗೆ ಸಿಗಬೇಕು. ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಮೀನುಮರಿ ಕೇಂದ್ರಗಳ ನರ್ಸರಿ ಕೊಳಗಳಲ್ಲಿ ನಡೆಯುವ ಕೆಲಸವೆಲ್ಲ ಆ ಕೆಲವು ದಿನಗಳಿಗಾಗಿಯೇ. ಮರಿ ಬಿಡುವ ಮುಂಚೆಯೇ ಸಗಣಿ ಗೊಬ್ಬರ ಹಾಕಿ ನೀರನ್ನು ಹದ ಮಾಡುತ್ತಾರೆ, ಸೂಕ್ಷ್ಮಜೀವಿಗಳು ಹುಟ್ಟಲಿ ಎಂದು. ಬಿಡುವ ಮುನ್ನಾ ದಿನ ಸಾಬೂನು ಮತ್ತು ಎಣ್ಣೆಯನ್ನು ಕಲಸಿ ನೀರಿನ ಮೇಲೆ ಹರಡುತ್ತಾರೆ. ಗಾಳಿಯಿಲ್ಲದ ಬೆಳಗ್ಗೆ ಈ ಕೆಲಸ ನೋಡಬೇಕು. ಎಣ್ಣೆಯ ತೆಳುಪದರ ಕೊಳದ ಮೇಲೆಲ್ಲ ಕಾಮನಬಿಲ್ಲಿನ ಬಣ್ಣದಲ್ಲಿ ಹಬ್ಬುತ್ತದೆ. ಬೆನ್ನು ಕೆಳಗೆ ಮಾಡಿ ಈಜುವ ನೀರುತಿಗಣೆಗಳು, ನೀರುಜೀರುಂಡೆಗಳು ಉಸಿರಿಗೆಂದು ಮೇಲೆ ಬರುತ್ತವೆ, ಉಸಿರುನಾಳಕ್ಕೆ ಎಣ್ಣೆ ಮೆತ್ತಿ ಅಲ್ಲೇ ಒದ್ದಾಡುತ್ತವೆ. ನಮ್ಮ ಉಗುರಿನಷ್ಟೂ ಇಲ್ಲದ ಆ ತಿಗಣೆ ಮೀನುಮರಿಯ ಪಾಲಿಗೆ ಹುಲಿ. ತನ್ನ ಸೂಜಿಬಾಯಿ ಚುಚ್ಚಿ ಮರಿಯ ರಸ ಹೀರಿಬಿಡುತ್ತದೆ. ಏರೋಪ್ಲೇನ್ ಚಿಟ್ಟೆಯ ನೀರುಮರಿಗಳು ಮಾತ್ರ ಎಣ್ಣೆಗೆ ಜಗ್ಗುವುದಿಲ್ಲ, ಅವಕ್ಕೆ ನೀರೊಳಗೇ ಉಸಿರಾಡುವ ಕಲೆ ಗೊತ್ತು. ಅವನ್ನು ಬಲೆ ಎಳೆದೇ ತೆಗೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಎರಡು–ಮೂರು ವಾರದ ನರ್ಸರಿಯಲ್ಲಿ ಮೂರಕ್ಕೊಂದು ಮರಿ ಉಳಿದರೆ ಒಳ್ಳೆಯ ಫಸಲೆಂದೇ ಲೆಕ್ಕ. ಗುತ್ತಿಗೆದಾರರಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ಬೆರಳುದ್ದದ ಮರಿ ಬಿಡಿ. ಚಿಟಿಕೆ ಗಾತ್ರದ್ದು ಅಗ್ಗವೆಂದು ಹೆಚ್ಚು ತಂದು ಸುರಿದರೆ ನೀವು ಸಾಕುವುದು ನೀರುತಿಗಣೆಗಳನ್ನು.

ಈ ಮೀನುಗಳು ಕೆರೆಯಲ್ಲೇ ಯಾಕೆ ಮರಿ ಮಾಡುವುದಿಲ್ಲ? ಕೆರೆಯಲ್ಲೂ ಇವುಗಳ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತದೆ. ಮೇ ತಿಂಗಳಿಗೆ ಹೆಣ್ಣಿನ ಹೊಟ್ಟೆ ಮೆತ್ತಗೆ ಉಬ್ಬಿರುತ್ತದೆ. ಆದರೆ ಕೊನೆಯ ಹಂತ ತಾನಾಗಿ ಆಗುವುದಿಲ್ಲ. ಏರುವ ಹೊಳೆ, ರಭಸದ ಕೆಂಪುನೀರು, ತಂಪು, ಇವೆಲ್ಲ ಸೇರಿ ಮೆದುಳಿಗೆ ಸುದ್ದಿ ಮುಟ್ಟಿಸಬೇಕು, ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಹಾರ್ಮೋನು ಬಿಡಬೇಕು. ಆಗಲೇ ಮೊಟ್ಟೆ ಹೊರಬೀಳುವುದು. ನಿಂತ ನೀರಿನಲ್ಲಿ ಆ ಸುದ್ದಿ ಬರುವುದೇ ಇಲ್ಲ. ಬಲಿತ ಮೊಟ್ಟೆ ಒಳಗೇ ಕರಗಿ ದೇಹಕ್ಕೆ ಸೇರಿಹೋಗುತ್ತದೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಹೊಳೆಯ ಸುದ್ದಿಯನ್ನೇ ಬದಿಗಿಟ್ಟು ನೇರವಾಗಿ ಪಿಟ್ಯುಟರಿ ಸಾರವನ್ನು ಚುಚ್ಚಿ ಗೆಂಡೆ ಮೀನುಗಳು ಮೊಟ್ಟೆ ಇಡುವಂತೆ ಮಾಡಿದರು. ಈಗ ಜುಲೈ 10 ದೇಶದ ಮೀನು ಕೃಷಿಕರ ದಿನ. ಅದಕ್ಕೂ ಮೊದಲು ಬಂಗಾಳದ ನದಿಗಳಿಂದ ಮರಿ ಬಾಚಿ ದೇಶಕ್ಕೆಲ್ಲ ಸಾಗಿಸಬೇಕಾಗಿತ್ತು. ಆ ಚುಚ್ಚುಮದ್ದು ಇಲ್ಲದಿದ್ದರೆ ಹುಣಸೂರಿನ ಕೆರೆಗಳಲ್ಲಿ ಕಾಟ್ಲ ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ.

ಮೊಟ್ಟೆ ಬಿದ್ದ ಮೇಲೂ ಹೊಳೆಯ ಅಗತ್ಯ ಮುಗಿಯುವುದಿಲ್ಲ. ರೋಹುವಿನ ಮೊಟ್ಟೆ ನೀರು ಹೀರಿ ನಾಲ್ಕೈದು ಮಿಲಿಮೀಟರಿಗೆ ಉಬ್ಬುತ್ತದೆ, ಯಾವುದಕ್ಕೂ ಅಂಟುವುದಿಲ್ಲ, ನೀರಿಗಿಂತ ಕೂದಲೆಳೆಯಷ್ಟು ಭಾರ. ಹರಿವಿದ್ದರೆ ತೇಲುತ್ತ ಉರುಳುತ್ತ ಸಾಗುತ್ತದೆ, ಹರಿವು ನಿಂತರೆ ಕೆಸರಿಗೆ ಇಳಿದು ಉಸಿರುಗಟ್ಟುತ್ತದೆ. ಮರಿಯೊಡೆಯಲು ಬೇಕಾದದ್ದು ಹದಿನೈದು–ಹದಿನೆಂಟು ಗಂಟೆ. ಗಂಟೆಗೆ ಮೂರು ಕಿಲೋಮೀಟರ್ ವೇಗದ ನೀರಿನಲ್ಲಿ ಅಷ್ಟು ಹೊತ್ತಿಗೆ ಮೊಟ್ಟೆ ನಲವತ್ತೈದು ಕಿಲೋಮೀಟರ್ ದಾಟಿರುತ್ತದೆ. ಮೀನುಮರಿ ಕೇಂದ್ರಗಳಲ್ಲಿ ಚೀನೀ ಮಾದರಿಯ ದುಂಡು ತೊಟ್ಟಿ ಇರುತ್ತದಲ್ಲ, ನೀರು ಹಗಲೂ ರಾತ್ರಿ ಸುತ್ತುತ್ತಲೇ ಇರುವಂಥದ್ದು, ಅದು ಆ ನಲವತ್ತೈದು ಕಿಲೋಮೀಟರ್ ಹೊಳೆಯನ್ನು ಸುತ್ತಿ ಇಟ್ಟ ಯಂತ್ರ. ಕೊಡಗು ಇಳಿದು ಪಿರಿಯಾಪಟ್ಟಣದ ಅಂಚಿಗೆ ಹರಿದು, ಚುಂಚನಕಟ್ಟೆಯಲ್ಲಿ ಧುಮುಕಿ, ಕೆ.ಆರ್. ನಗರ ದಾಟುತ್ತಲೇ ಕೃಷ್ಣರಾಜಸಾಗರದ ಹಿನ್ನೀರಿಗೆ ಸಿಕ್ಕಿಬೀಳುವ ಕಾವೇರಿಯಲ್ಲಿ, ಹನಗೋಡು, ಕಟ್ಟೆಮಳಲವಾಡಿಯ ಅಣೆಗಳು ಅಡ್ಡ ನಿಂತ ಲಕ್ಷ್ಮಣತೀರ್ಥದಲ್ಲಿ, ಅಷ್ಟುದ್ದದ ತಡೆಯಿಲ್ಲದ ಹರಿವು ಸಿಗುವುದು ಕಷ್ಟ. ಅಣೆಗಳು ಹಳೆಯವು, ಅವನ್ನು ದೂರುವುದಿಲ್ಲ, ಈ ಸೀಮೆಯ ಭತ್ತ ಬೆಳೆದದ್ದು ಅಂಥವುಗಳಿಂದಲೇ.

ಸಾಮಾನ್ಯ ಗೆಂಡೆಗೆ ಈ ತಾಪತ್ರಯವಿಲ್ಲ. ಅದರ ಮೊಟ್ಟೆ ಅಂಟು; ಕೆರೆಯ ಜೊಂಡಿಗೋ ಹೈಡ್ರಿಲ್ಲಾ ಕಳೆಗೋ ಮೆತ್ತಿಕೊಂಡು ನಿಂತ ನೀರಿನಲ್ಲೇ ಮರಿಯಾಗುತ್ತದೆ. ಇದೊಂದು ಸಣ್ಣ ವ್ಯತ್ಯಾಸ ಇಡೀ ಜಗತ್ತಿನ ಕೆರೆಗಳಿಗೆ ಅದನ್ನು ಹಬ್ಬಿಸಿತು.

ಈಗ ಕಾಯುವ ಮೀನುಗಳ ಕಡೆಗೆ ಬರೋಣ. ನಮ್ಮ ಕೆರೆಗಳಲ್ಲಿ ಇವುಗಳ ಯಜಮಾನ ಕೊರವ. ಕುಚ್ಚು, ಅವಲು ಇದರ ದಾಯಾದಿಗಳು, ಎಲ್ಲವೂ ಹಾವಿನ ತಲೆಯ ಚನ್ನಾ ಕುಲದವು. ಬೇಸಿಗೆಗೆ ಕೆರೆ ಬತ್ತಿದರೆ ಗೆಂಡೆಗಳೆಲ್ಲ ಸಾಯುತ್ತವೆ, ಕೊರವ ಮಾತ್ರ ಕೆಸರಿನಲ್ಲಿ ಹೂತುಕೊಂಡು ಗಾಳಿ ಕುಡಿಯುತ್ತ ಮಳೆಗೆ ಕಾಯುತ್ತದೆ. ಆರಿದ್ರಾ ಮಳೆ ಸುರಿದು ಕೆರೆಯಂಚಿನ ಹುಲ್ಲು ಮುಳುಗಿದ ಮೇಲೆ ಗಂಡು–ಹೆಣ್ಣು ಸೇರಿ ಜೊಂಡಿನ ನಡುವೆ ಒಂದು ದುಂಡನೆಯ ಜಾಗ ಬಿಡಿಸುತ್ತವೆ. ಪ್ರತಿ ಮೊಟ್ಟೆಯೊಳಗೂ ಒಂದು ಎಣ್ಣೆಹನಿ ಇರುವುದರಿಂದ ಮೊಟ್ಟೆಗಳೆಲ್ಲ ಮೇಲೆ ತೇಲಿ, ಜೇನುಬಣ್ಣದ ಒಂದೇ ಪದರವಾಗಿ ನಿಲ್ಲುತ್ತವೆ. ಸಂಖ್ಯೆ ಕೆಲವು ಸಾವಿರ, ದೊಡ್ಡ ಹೆಣ್ಣಾದರೆ ಹತ್ತಿಪ್ಪತ್ತು ಸಾವಿರ. ರೋಹುವಿನ ಮುಂದೆ ಏನೂ ಅಲ್ಲ. ಒಂದು–ಒಂದೂವರೆ ದಿನಕ್ಕೆ ಮರಿಯೊಡೆಯುತ್ತದೆ. ಕೆಲವು ದಿನಗಳಲ್ಲಿ ಮರಿಗಳ ಮೈ ಕೆಂಪು–ಕಿತ್ತಳೆಗೆ ತಿರುಗುತ್ತದೆ, ಅವು ಒಂದೇ ಗುಂಪಾಗಿ ಓಡಾಡತೊಡಗುತ್ತವೆ. ಉಸಿರಿಗೆಂದು ಎಲ್ಲ ಸೇರಿ ಮೇಲೆ ಬಂದಾಗ, ಆ ಒಂದು ಜಾಗದಲ್ಲಿ ಮಾತ್ರ ನೀರು ಎಸರಿನಂತೆ ಕುದಿಯುತ್ತದೆ, ಕೆಂಪಗೆ. ಕೆಳಗೆ ಮೊಳದಾಳದಲ್ಲಿ ಅಪ್ಪನೋ ಅಮ್ಮನೋ ನಿಂತಿರುತ್ತದೆ. ಕಪ್ಪೆ ಹತ್ತಿರ ಸುಳಿದರೆ ಹಾರಿ ಬಡಿಯುತ್ತದೆ.

ಇಲ್ಲೊಂದು ಸೋಜಿಗ. ಸಸ್ತನಿಗಳಲ್ಲಿ ಮರಿ ನೋಡಿಕೊಳ್ಳುವುದು ಬಹುಪಾಲು ತಾಯಿ. ಮೀನುಗಳಲ್ಲಿ ಒಂಟಿಯಾಗಿ ಕಾಯುವ ಹೊಣೆ ಹೆಚ್ಚಾಗಿ ಅಪ್ಪನದು. ಕಾಡಂಚಿನ ಹಳ್ಳಗಳಲ್ಲಿರುವ ಗೇಣುದ್ದದ ಚನ್ನಾ ಗಚುವಾದಲ್ಲಂತೂ ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಉಪವಾಸ ಕೂರುತ್ತದೆ. ಹೆಚ್ಚಿನ ಮೀನುಗಳಲ್ಲಿ ಮೊಟ್ಟೆ ಫಲಿಸುವುದು ದೇಹದ ಹೊರಗೆ, ಗಂಡು ಹಿಡಿದುಕೊಂಡ ಜಾಗದಲ್ಲಿ. ಒಂದು ರಾಶಿ ಕಾಯುವ ಗಂಡು ಅದೇ ಶ್ರಮದಲ್ಲಿ ಎರಡು ರಾಶಿಯನ್ನೂ ಕಾಯಬಲ್ಲದು. ಹೆಣ್ಣಿಗೆ ಹಾಗಲ್ಲ. ತಿನ್ನದೆ ಕೂತ ಪ್ರತಿ ದಿನವೂ ಅದರ ಬೆಳವಣಿಗೆಗೆ ಕಡಿತ, ಬೆಳವಣಿಗೆ ಕಡಿತವಾದರೆ ಮುಂದಿನ ಸಲದ ಮೊಟ್ಟೆಗೆ ಕಡಿತ. ವಿಜ್ಞಾನಿಗಳ ಈ ವಿವರಣೆ ಎಲ್ಲ ಮೀನಿಗೂ ಹೊಂದುತ್ತದೆಂದೇನಲ್ಲ. ಜಿಲೇಬಿಯೇ ಅದಕ್ಕೆ ಅಪವಾದ.

ಕೊರವ ತನ್ನ ಲೆಕ್ಕವನ್ನು ಹಾಕಿಕೊಂಡದ್ದು ಒಂದು ನಂಬಿಕೆಯ ಮೇಲೆ: ದೊಡ್ಡ ಕೊರವನನ್ನು ಕೆರೆಯಲ್ಲಿ ಹಿಡಿಯುವವರಿಲ್ಲ. ಬೆಳೆದದ್ದಕ್ಕೆ ಸಾವು ಅಪರೂಪ, ಆದ್ದರಿಂದ ಕಾವಲು ನಿಂತರೆ ನಷ್ಟವಿಲ್ಲ. ಈ ಲೆಕ್ಕ ಮುರಿಯುವುದು ಗಾಳ ಹಿಡಿದು ಬಂದವರ ಮುಂದೆ. ಕೆಂಪು ಮರಿಗಳ ಗುಂಪು ಎದ್ದಲ್ಲಿ ಕಪ್ಪೆ ಚುಚ್ಚಿದ ಗಾಳ ಬಿಟ್ಟರೆ ಕೊರವ ಹಸಿವಿಗಲ್ಲ, ಸಿಟ್ಟಿಗೆ ಬಾಯಿ ಹಾಕುತ್ತದೆ. ಹಳ್ಳಿಯ ಹುಡುಗರಿಗೆಲ್ಲ ಗೊತ್ತಿರುವ ಈ ಉಪಾಯದಲ್ಲಿ ಸಾಯುವುದು ಒಂದು ಮೀನಲ್ಲ. ಅಪ್ಪ–ಅಮ್ಮ ಎದ್ದುಹೋದ ಮೇಲೆ, ಅಷ್ಟು ಎದ್ದು ಕಾಣುವ ಬಣ್ಣದ, ಗುಂಪು ಬಿಟ್ಟು ಚದುರಲು ಬಾರದ ಆ ಸಾವಿರಾರು ಮರಿಗಳನ್ನು ಉಳಿದ ಮೀನುಗಳೇ ಮುಗಿಸುತ್ತವೆ. ರೋಹುವಿನ ತಾಯಿಯನ್ನು ಮೊಟ್ಟೆಯಿಟ್ಟ ಮರುಗಳಿಗೆ ಹಿಡಿದರೂ ಮೊಟ್ಟೆಗೆ ಏನೂ ಆಗುವುದಿಲ್ಲ. ಅವು ಆಗಲೇ ಹೊಳೆಯ ಪಾಲು. ಒಂದೇ ಗಾಳ, ಒಂದೇ ತೂಕದ ಮೀನು, ಫಲ ಮಾತ್ರ ಬೇರೆ ಬೇರೆ.

ಜಿಲೇಬಿ ಆಫ್ರಿಕದ ಆಗ್ನೇಯ ಕರಾವಳಿಯ ನದಿಗಳ ಮೀನು. ಮೊಜಾಂಬಿಕ್ ತಿಲಾಪಿಯಾ ಎಂದು ಪುಸ್ತಕದ ಹೆಸರು. ಭಾರತಕ್ಕೆ ಬಂದದ್ದು 1952ರಲ್ಲಿ, ಬಡವರ ಪ್ರೋಟೀನು ಎಂಬ ಸದುದ್ದೇಶದಿಂದಲೇ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈಗ ಅದಕ್ಕೂ ಜಾಗವಿದೆ. ನೀರು ತಗ್ಗಿದಾಗ ಯಾವುದೇ ಕೆರೆಯಂಗಳದ ಕೆಸರಿನಲ್ಲಿ ಅದರ ಗುರುತು ಕಾಣುತ್ತದೆ: ಊಟದ ತಟ್ಟೆಯಗಲದ ದುಂಡು ಗುಳಿಗಳು, ಒಂದರ ಪಕ್ಕ ಒಂದು, ಅಂಚುಗಳು ಒತ್ತೊತ್ತಾಗಿ. ಒಂದೊಂದೂ ಒಬ್ಬ ಗಂಡಿನ ಆಸ್ತಿ. ಬಾಯಲ್ಲಿ ಮಣ್ಣು ಕಚ್ಚಿ ಕಚ್ಚಿ ತೆಗೆದು ಮಾಡಿದ್ದು. ಮೈ ಕಪ್ಪಾಗಿಸಿಕೊಂಡು, ಗದ್ದ ಬಿಳಿಚಿಸಿಕೊಂಡು ಗಂಡು ಅಲ್ಲಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು, ಕೂಡಲೇ ಬಾಯಿಗೆ ತುಂಬಿಕೊಂಡು, ಗಂಡನ್ನು ಅಲ್ಲೇ ಬಿಟ್ಟು ಹೊರಡುತ್ತದೆ. ಮೊಟ್ಟೆ ಕೆಲವು ನೂರು ಮಾತ್ರ. ಮುಂದಿನ ಹತ್ತು–ಹದಿನಾಲ್ಕು ದಿನ ಊಟವಿಲ್ಲ. ಮರಿಗಳು ಈಜಲು ಕಲಿತ ಮೇಲೂ, ನೆರಳು ಸುಳಿದರೆ ಸಾಕು, ಓಡಿಬಂದು ತಾಯಿಯ ಬಾಯಿಗೆ ನುಗ್ಗುತ್ತವೆ. ನಮ್ಮ ಬೆಚ್ಚನೆಯ ಕೆರೆಗಳಲ್ಲಿ ಇದು ವರ್ಷಕ್ಕೆ ಹಲವು ಸಲ ನಡೆಯುತ್ತದೆ. ಹೊಳೆ ಬೇಡ, ಪ್ರವಾಹ ಬೇಡ, ಜೊಂಡೂ ಬೇಡ.

ಅದರ ನಿಜವಾದ ಬಲ ಬಾಯಲ್ಲಷ್ಟೇ ಇಲ್ಲ, ಅವಸರದಲ್ಲಿದೆ. ದೊಡ್ಡ ನೀರಿನಲ್ಲಿ, ನೆಮ್ಮದಿ ಇದ್ದಾಗ ಇದು ನಿಧಾನಕ್ಕೆ ಬೆಳೆದು ದೊಡ್ಡದಾದ ಮೇಲೆ ಮೊಟ್ಟೆ ಇಡುತ್ತದೆ. ಇಕ್ಕಟ್ಟಿನ ಕೆರೆಯಲ್ಲಾದರೆ ಎರಡು–ಮೂರು ತಿಂಗಳಿಗೇ, ಅಂಗೈಯಷ್ಟೂ ಇಲ್ಲದಿರುವಾಗಲೇ ತಾಯಿಯಾಗುತ್ತದೆ. ಬೆಳೆಯುವುದನ್ನು ಬಿಟ್ಟು ಹೆರುವುದಕ್ಕೆ ತೊಡಗುತ್ತದೆ. ನಾವು ದೊಡ್ಡದನ್ನೆಲ್ಲ ಬಲೆಯಲ್ಲಿ ಬಾಚಿದಷ್ಟೂ ಉಳಿಯುವುದು ಬೇಗ ಹೆರುವ ಗಿಡ್ಡವೇ. ಕೆರೆಯಲ್ಲಿ ಕೊರವ, ಅವಲು ಇದ್ದರೆ ಅವು ಜಿಲೇಬಿಯ ಮರಿಗಳನ್ನು ತಿಂದು ಲೆಕ್ಕ ಸರಿದೂಗಿಸುತ್ತವೆ; ಏಷ್ಯಾದ ಹಲವೆಡೆ ಮೀನು ಸಾಕುವವರು ತಿಲಾಪಿಯಾ ಕೊಳಕ್ಕೆ ಇದಕ್ಕೆಂದೇ ಹಾವುತಲೆ ಮೀನು ಬಿಡುವುದುಂಟು. ಮರಿಯ ಮೇಲೆ ನಿಂತ ಕೊರವನಿಗೆ ಗಾಳ ಹಾಕುವವರು ತಮಗೆ ಅರಿವಿಲ್ಲದೆ ಜಿಲೇಬಿಯ ಪಕ್ಷ ವಹಿಸಿರುತ್ತಾರೆ.

ದೊಡ್ಡದಕ್ಕೆ ಸಾವು ಬಂದರೆ ತಳಿ ಬೇಗ ಹೆರತೊಡಗುತ್ತದೆ ಎನ್ನುವುದು ಊಹೆಯಲ್ಲ. ನಮ್ಮ ಆರೋಗ್ಯ ಇಲಾಖೆ ಸೊಳ್ಳೆಮರಿ ತಿನ್ನಲೆಂದು ಬಾವಿ–ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನು ಗೊತ್ತಲ್ಲ, ಮೊಟ್ಟೆ ಇಡದೆ ನೇರ ಮರಿ ಹಾಕುವ ಕಿರುಬೆರಳಿನಷ್ಟೇ ಇರುವ ಮೀನು? ಅದರ ತವರುಗಳಲ್ಲಿ ಒಂದು ಟ್ರಿನಿಡಾಡ್ ದ್ವೀಪದ ತೊರೆಗಳು. ಅಲ್ಲಿ ಜಲಪಾತಗಳ ಕೆಳಗೆ ದೊಡ್ಡ ಗಪ್ಪಿಗಳನ್ನು ತಿನ್ನುವ ಬೇಟೆಮೀನು ಇದೆ. ಮೇಲೆ ಇರುವುದು ಮರಿ ಗಪ್ಪಿಗಳನ್ನಷ್ಟೇ ತಿನ್ನುವ ಸಣ್ಣ ಮೀನು. ಕೆಳಗಿನ ಗಪ್ಪಿಗಳು ಬೇಗ ಬಲಿತು, ಚಿಕ್ಕ ಚಿಕ್ಕ ಮರಿಗಳನ್ನು ಹೆಚ್ಚು ಹಾಕುತ್ತವೆ. ಮೇಲಿನವು ತಡವಾಗಿ ಬಲಿತು, ದಪ್ಪನೆಯ ಕೆಲವೇ ಮರಿ ಹಾಕುತ್ತವೆ. 1976ರಲ್ಲಿ ಜಾನ್ ಎಂಡ್ಲರ್ ಕೆಳಗಿನ ಇನ್ನೂರು ಗಪ್ಪಿಗಳನ್ನು ಅದುವರೆಗೆ ಗಪ್ಪಿಗಳೇ ಇಲ್ಲದ ಮೇಲಿನ ತೊರೆಗೆ ಬಿಟ್ಟರು. ಹನ್ನೊಂದು ವರ್ಷದ ಮೇಲೆ ನೋಡಿದರೆ ಆ ಗಪ್ಪಿಗಳ ಸಂತತಿ ತಡವಾಗಿ ಬಲಿತು ಕಡಿಮೆ ಹಾಕುವ ರೂಢಿಗೆ ಬಂದಿತ್ತು, ಪ್ರಯೋಗಾಲಯದಲ್ಲಿ ಸಾಕಿದ ಮೊಮ್ಮಕ್ಕಳಲ್ಲೂ ಆ ಗುಣ ಉಳಿದಿತ್ತು. ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು 1990ರಲ್ಲಿ ಇದನ್ನು ಪ್ರಕಟಿಸಿದಾಗ, ವಿಕಾಸ ಎನ್ನುವುದು ಒಬ್ಬ ವಿಜ್ಞಾನಿಯ ಉದ್ಯೋಗಾವಧಿಯೊಳಗೇ ಕಣ್ಣಿಗೆ ಬೀಳಬಲ್ಲದು ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿತು. ಬಲೆ ಎಂಬುದು ಕೂಡ ದೊಡ್ಡದನ್ನೇ ತಿನ್ನುವ ಒಂದು ಬೇಟೆಮೀನು.

ಬಿಳಿಮೀನಿನ ಕಷ್ಟ ಅರ್ಥವಾಗುವುದು ಇಲ್ಲಿ. ಕಾವೇರಿ ಕೊಳ್ಳದ ಡುಬ್ಬದ ಮಶೀರ್ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಗೆಂಡೆಗಳಲ್ಲಿ ಒಂದು. ಮೈಸೂರಿನಲ್ಲಿ ಸತ್ತ ಹುಲಿ–ಚಿರತೆಗಳಿಗೆ ಜೀವಕಳೆ ತುಂಬುತ್ತಿದ್ದ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಕಬಿನಿಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟೆ ಎದ್ದದ್ದು ಅದಾದ ಎಷ್ಟೋ ವರ್ಷಕ್ಕೆ, 1974ರಲ್ಲಿ. ಅಷ್ಟು ದೊಡ್ಡ ಮೀನಿಗೆ ಮೊಟ್ಟೆ ಮಾತ್ರ ಕಡಿಮೆ. ಮಶೀರ್‌ಗಳದ್ದು ಕಿಲೋಗೆ ಕೆಲವು ಸಾವಿರದ ಲೆಕ್ಕ, ಲಕ್ಷದ ಮಾತೇ ಇಲ್ಲ. ಒಂದೊಂದು ಮೊಟ್ಟೆಯೂ ದಪ್ಪ, ಹಳದಿ ಭಂಡಾರ ತುಂಬಿದ್ದು, ಭಾರವಾದ್ದು. ತಾಯಿ ಕಾಯುವುದಿಲ್ಲ, ಆದರೆ ಎಲ್ಲೆಂದರಲ್ಲಿ ಇಡುವುದೂ ಇಲ್ಲ. ತಿಳಿನೀರು ಓಡುವ ಜಲ್ಲಿಯ ಹಾಸು ಹುಡುಕಿ ಹೊಸ ನೀರಿಗೆ ಮೇಲೆ ಹತ್ತುತ್ತದೆ. ಮೊಟ್ಟೆ ಜಲ್ಲಿಯ ಸಂದಿಗೆ ಬಿದ್ದು ಮೂರು–ನಾಲ್ಕು ದಿನಕ್ಕೆ ಒಡೆಯುತ್ತದೆ. ಒಡೆದ ಮರಿ ಹೊಟ್ಟೆಯ ಭಾರ ಹೊತ್ತುಕೊಂಡು, ಬೆಳಕಿಗೆ ಹೆದರಿ, ಇನ್ನೂ ಒಂದು ವಾರ ಕಲ್ಲುಗಳ ಅಡಿಯಲ್ಲೇ ತಲೆ ತೂರಿಸಿ ಬಿದ್ದಿರುತ್ತದೆ. ಜಿಲೇಬಿಗೆ ತಾಯಿಯ ಬಾಯಿ ಮಾಡುವ ಕೆಲಸವನ್ನು ಇಲ್ಲಿ ಹೊಳೆಯ ತಳ ಮಾಡುತ್ತದೆ. ಆ ಜಲ್ಲಿ ಹಿನ್ನೀರಿನಲ್ಲಿ ಮುಳುಗಿ ಹೂಳು ಕೂತರೆ, ಅಥವಾ ಅದನ್ನು ಮರಳಿನ ಜೊತೆ ಲಾರಿಗೆ ತುಂಬಿ ಸಾಗಿಸಿದರೆ, ಮೊಟ್ಟೆಯ ಮನೆಯೇ ಹೋದಂತೆ.

ಮೊಟ್ಟೆಯೂ ಕಡಿಮೆ, ಬೆಳವಣಿಗೆಯೂ ನಿಧಾನ. ಮಶೀರ್ ನೆಚ್ಚಿಕೊಂಡದ್ದು ದೀರ್ಘಾಯುಸ್ಸನ್ನು. ಒಂದು ಸಲ ದೊಡ್ಡದಾಯಿತೆಂದರೆ ಅದನ್ನು ತಿನ್ನಲು ಮೊಸಳೆ, ನೀರುನಾಯಿ ಬಿಟ್ಟರೆ ಯಾರಿದ್ದಾರೆ? ಆದರೆ ಮನುಷ್ಯರ ಸಿಡಿಮದ್ದು, ವಿಷ ಬಂದವು. ಎರಡನ್ನೂ 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿದೆ ಎಂಬುದು ಬೇರೆ ಮಾತು. 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ದೇವರ ಮೀನುಗಳ ಮಡುವಿಗೆ ಯಾರೋ ವಿಷ ಹಾಕಿದರು. ಒಂದೇ ದಿನದಲ್ಲಿ ಸತ್ತದ್ದು ಸಾವಿರಾರು ಮಶೀರ್. ಅಲ್ಲಿ ಈಗ ಅವುಗಳ ಸ್ಮಾರಕವಿದೆ. ಜಿಲೇಬಿಯಾಗಿದ್ದರೆ ಒಂದೆರಡು ವರ್ಷಕ್ಕೆ ಸರಿಹೋಗುತ್ತಿತ್ತು. ಪಿರಿಯಾಪಟ್ಟಣದ ಗಡಿಗೆ ಹತ್ತಿರದ ರಾಮನಾಥಪುರದಲ್ಲಿ ಕಾವೇರಿಯ ದೇವಸ್ಥಾನದ ಮಡುವಿನಲ್ಲಿ ಮೀನಿಗೆ ಯಾರೂ ಕೈ ಹಚ್ಚುವುದಿಲ್ಲ. ದೊಡ್ಡ ಹೆಣ್ಣೊಂದು ಹತ್ತು ಸಣ್ಣ ಹೆಣ್ಣುಗಳಷ್ಟು ಮೊಟ್ಟೆಯಿಡಬಲ್ಲದು, ಆದ್ದರಿಂದ ಇಂಥ ಮಡುಗಳ ಬೆಲೆ ಭಕ್ತರು ಭಾವಿಸುವುದಕ್ಕಿಂತ ದೊಡ್ಡದು. ಆದರೆ ಮಡು ಕಾಯುವುದು ಬೆಳೆದ ಮೀನನ್ನು. ಮೊಟ್ಟೆ ಬೀಳುವ ಜಲ್ಲಿಯನ್ನಲ್ಲ.

ಮರಿ ತಂದು ಬಿಟ್ಟರೆ ಮುಗಿಯಿತಲ್ಲ ಎಂದು 1970ರ ದಶಕದಿಂದಾಚೆ ಅದನ್ನೂ ಮಾಡಿ ನೋಡಿದರು. ಲೋನಾವಾಲದ ಟಾಟಾ ವಿದ್ಯುತ್ ಕಂಪನಿಯ ಕೆರೆಗಳಲ್ಲಿ ಮಶೀರ್ ಮರಿ ಮಾಡಿಸುವ ಕೆಲಸ ಚೆನ್ನಾಗಿ ಪಳಗಿತ್ತು. ಅಲ್ಲಿಂದ ಬಂದ ಮರಿಗಳು ಕಾವೇರಿಗೂ ಇಳಿದವು. ಆದರೆ ಅವು ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಶೀರ್, ಟಾರ್ ಖುದ್ರೀ. ಕಾವೇರಿಯ ಡುಬ್ಬದ ಮೀನಲ್ಲ. ಆಗ ಅದನ್ನು ಯಾರೂ ದೊಡ್ಡ ವಿಷಯವೆಂದು ಎಣಿಸಲಿಲ್ಲ, ಎರಡೂ ಮಶೀರೇ ತಾನೆ ಎಂದರು. ಕಾವೇರಿಯಲ್ಲಿ ಇನ್ನೂ ಕೆಳಗೆ ಗಾಳಿಬೋರೆಯ ಬಳಿ ಗಾಳದ ಶಿಬಿರದಲ್ಲಿ ಹಿಡಿದು ತೂಗಿ ಮರಳಿ ಬಿಟ್ಟ ಮೀನುಗಳ ದಾಖಲೆ 1998ರಿಂದ 2012ರವರೆಗೆ ಇತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅದನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮಶೀರ್ ಸಂಖ್ಯೆ ಏರಿತ್ತು, ಏರಿದ್ದೆಲ್ಲ ನೀಲಿರೆಕ್ಕೆಯದು. ಡುಬ್ಬದ ಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತ, ಸಿಕ್ಕಿದ್ದು ಮಾತ್ರ ಹೆಚ್ಚು ಹೆಚ್ಚು ದೊಡ್ಡದಾಗುತ್ತ ಹೋಗಿತ್ತು.

ಗಾಳದವರಿಗೆ ಅದಕ್ಕಿಂತ ಸಂತೋಷ ಯಾವುದಿದೆ? ಲೆಕ್ಕ ಬಲ್ಲವರಿಗೆ ಅದಕ್ಕಿಂತ ಕೆಟ್ಟ ಸುದ್ದಿಯಿಲ್ಲ. ಸಣ್ಣವು ಗಾಳಕ್ಕೆ ಬೀಳುತ್ತಿಲ್ಲವೆಂದರೆ ಸಣ್ಣವು ಹುಟ್ಟಿ ಉಳಿಯುತ್ತಿಲ್ಲ. ಹಳಬರಷ್ಟೇ ಇನ್ನೂ ತೂಕ ಹೆಚ್ಚಿಸಿಕೊಳ್ಳುತ್ತಿದ್ದಾರೆ. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಕ್ಕಿಯಾದದ್ದು 2018ರಲ್ಲಿ. ಕೇರಳದ ಪಾಂಬಾರ್ ತೊರೆಯಲ್ಲಿ ಕಂಡು ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಗೊತ್ತಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಕೊನೆಯ ಮೆಟ್ಟಿಲಿನ ಜೀವಿಗಳ ಜೊತೆ ಸೇರಿತು. ಈಗ ಅದರ ನೆಲೆ ಮುಖ್ಯವಾಗಿ ಮೋಯಾರ್ ಹೊಳೆ, ಎಚ್.ಡಿ. ಕೋಟೆಯಿಂದ ಬಂಡೀಪುರದ ಕಾಡು ದಾಟಿದರೆ ಸಿಗುವ ಕಣಿವೆ ಅದು. ಅಲ್ಲಿಗೆ ನೀಲಿರೆಕ್ಕೆಯ ಮರಿಗಳ ಚೀಲ ಹೋಗಬಾರದು. ಜೂನ್ ತಿಂಗಳ ಮೊದಲ ಕೆಂಪುನೀರು ಹೋಗಬೇಕು, ಜಲ್ಲಿ ಇದ್ದಲ್ಲೇ ಇರಬೇಕು, ಇಪ್ಪತ್ತು ಕಿಲೋ ದಾಟಿದ ಹೆಣ್ಣು ಯಾರ ಬಲೆಗೆ ಬಿದ್ದರೂ ಮತ್ತೆ ನೀರಿಗೇ ಇಳಿಯಬೇಕು.